ಇಗರ್ಜಿಯ ಮಾಡು ಬಿಚ್ಚುವ ಮುನ್ನ: ಹೆಂಚು, ಸುಣ್ಣ ಮತ್ತು ಅಕ್ಷರ

ಶಾಸನ ಅಂದ ಕೂಡಲೇ ನಮಗೆ ನೆನಪಾಗುವುದು ದೇವಸ್ಥಾನದ ಅಂಗಳದ ಕಲ್ಲು, ಬಸದಿಯ ಗೋಡೆ, ಅಪರೂಪಕ್ಕೊಂದು ತಾಮ್ರಪಟ. ಬ್ರಿಟಿಷರ ಕಾಲದ ಇಗರ್ಜಿಗಳ ಕಡೆ ನಾವು ಅಷ್ಟಾಗಿ ಹೋಗುವುದಿಲ್ಲ. ಆದ್ರೆ ದಕ್ಷಿಣ ಕನ್ನಡದಲ್ಲಿ ಜೀರ್ಣೋದ್ಧಾರದ ಹೆಸರಲ್ಲಿ ಬೇಗ ಕಳೆದುಹೋಗುತ್ತಿರುವ ಬರಹಗಳಲ್ಲಿ ಇವೂ ಸೇರಿವೆ. ವೃತ್ತಿಯಲ್ಲಿ ನಾನು ಇಂಜಿನಿಯರ್, ಲಿಪಿ ಓದಲು ಸ್ವಂತವಾಗಿ ಕಲಿತವನು. ಹಾಗಾಗಿ ಗೋಡೆ ಮತ್ತು ಅಕ್ಷರ ಎರಡನ್ನೂ ಸೇರಿಸಿಯೇ ಇಲ್ಲಿ ಬರೆಯುತ್ತಿದ್ದೇನೆ.

ಟಿಪ್ಪುವಿನ ಕಾಲದಲ್ಲಿ, 1784ರಲ್ಲಿ, ಕರಾವಳಿಯ ಅನೇಕ ಇಗರ್ಜಿಗಳು ನೆಲಸಮವಾದವು. ಈಗ ನಾವು ನೋಡುವ ಹಳೆಯ ಕಟ್ಟಡಗಳಲ್ಲಿ ಹೆಚ್ಚಿನವು 1799ರ ನಂತರ ಎದ್ದವು. ಮುರಕಲ್ಲಿನ ಗೋಡೆ, ಸುಣ್ಣದ ಗಾರೆ, ಮರದ ಪಕ್ಕಾಸು, ರೀಪು, ಮೇಲೆ ಹೆಂಚು. ಇವುಗಳಲ್ಲಿ ಬರಹ ಮೂರು ಕಡೆ ಸಿಗುತ್ತದೆ: ನೆಲದ ಸಮಾಧಿಕಲ್ಲು, ಗೋಡೆಯ ಫಲಕ ಮತ್ತು ಹೆಂಚು.

ಮೊದಲು ಹೆಂಚು. ಬಾಸೆಲ್ ಮಿಷನ್‌ನ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಆಮೇಲೆ ಆಲ್ಬುಕರ್ಕ್‌ನಂಥ ಸ್ಥಳೀಯ ಕಾರ್ಖಾನೆಗಳೂ ಬಂದವು. ಕನ್ಯಾನ, ವಿಟ್ಲ ಕಡೆಯ ಹಳೆ ಮನೆಗಳ ಮಾಡಿನಲ್ಲೂ ಇಂಥವೇ ಹೆಂಚುಗಳು. ಹೆಂಚಿನ ಮೇಲೆ ಕಾರ್ಖಾನೆಯ ಹೆಸರು ಅಚ್ಚೊತ್ತಿರುತ್ತದೆ, ಕೆಲವೊಮ್ಮೆ ಇಸವಿಯೂ. ಇಲ್ಲೊಂದು ಎಚ್ಚರಿಕೆ ಬೇಕು. ಬಾಸೆಲ್ ಮಿಷನ್ ಹೆಂಚಿನ ಮೇಲೆ ‘1865’ ಅಂತ ಕಂಡರೆ ಅದು ಕಾರ್ಖಾನೆ ಹುಟ್ಟಿದ ವರ್ಷ, ಹೆಂಚು ಸುಟ್ಟ ವರ್ಷ ಅಲ್ಲ. ಅದನ್ನು ನೋಡಿ ‘ಈ ಇಗರ್ಜಿ 1865ರದ್ದು’ ಅನ್ನುವ ಹಾಗಿಲ್ಲ. ಮೊದಲ ಮಹಾಯುದ್ಧದ ನಂತರ ಮಿಷನ್‌ನ ಉದ್ಯಮ ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋಯಿತು, ಹೆಂಚಿನ ಮೇಲಿನ ಹೆಸರೂ ಬದಲಾಯಿತು. ಕಾಲ ನಿರ್ಣಯಕ್ಕೆ ಇಸವಿಗಿಂತ ಹೆಸರೇ ಹೆಚ್ಚು ಉಪಯುಕ್ತ. ಅದೂ ಮಾಡಿನ ಕಾಲವನ್ನಷ್ಟೇ ಸೂಚಿಸುತ್ತದೆ. ಮಾಡು ಬದಲಾಗಿರಬಹುದು, ಗೋಡೆ ಅದಕ್ಕಿಂತ ಹಳೆಯದಿರಬಹುದು.

ಇನ್ನು ಗೋಡೆ. ಮುರಕಲ್ಲು ತೂತುತೂತಾದ ಕಲ್ಲು, ಮಳೆಗಾಲದಲ್ಲಿ ನೀರು ಹೀರಿಕೊಳ್ಳುತ್ತದೆ. ಸುಣ್ಣದ ಗಾರೆ ಇದ್ದರೆ ಆ ತೇವ ನಿಧಾನವಾಗಿ ಆವಿಯಾಗಿ ಹೊರಗೆ ಹೋಗುತ್ತದೆ. ಅದರ ಮೇಲೆ ಸಿಮೆಂಟ್ ಬಳಿದರೆ ತೇವಕ್ಕೆ ದಾರಿ ಮುಚ್ಚಿದ ಹಾಗೆ. ನೀರಿನ ಜೊತೆ ಬಂದ ಲವಣ ಗಾರೆಯ ಹಿಂದೆ ಹರಳುಗಟ್ಟಿ ಮೇಲ್ಪದರವನ್ನು ಒಡೆಯುತ್ತದೆ. ಬರಹ ಆ ಪದರದ ಮೇಲಿದ್ದರೆ ಅದೂ ಉದುರುತ್ತದೆ. ‘ಗಟ್ಟಿ ಮಾಡಿದೆವು’ ಅಂತ ಹೇಳುವ ಕೆಲಸವೇ ಅಕ್ಷರಕ್ಕೆ ಮುಳುವಾಗುವುದು ಹೀಗೆ.

ಇದಕ್ಕೆ ಒಳ್ಳೆಯ ಉದಾಹರಣೆ ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್. 1880ರ ದಶಕದಲ್ಲಿ ಕಟ್ಟಿದ್ದು. ಇಟಲಿಯ ಆಂಟೋನಿಯೋ ಮೊಸ್ಕೇನಿ 1899ರಲ್ಲಿ ಬಂದು ಸುಮಾರು ಎರಡು ವರ್ಷಗಳಲ್ಲಿ ಒಳಗೆಲ್ಲ ಚಿತ್ರ ಬರೆದರು. ಗೋಡೆಗಳ ಮೇಲಿನವು ಫ್ರೆಸ್ಕೋ, ಅಂದರೆ ಹಸಿ ಸುಣ್ಣದ ಗಾರೆಯ ಮೇಲೆ ಬಣ್ಣ ಹಚ್ಚಿದ್ದು. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಕಲ್ಲಾಗುವಾಗ ಬಣ್ಣವೂ ಅದರೊಳಗೆ ಸೇರಿಹೋಗುತ್ತದೆ. ಚಾವಣಿಯಲ್ಲಿರುವುದು ಕ್ಯಾನ್ವಾಸ್ ಮೇಲಿನ ತೈಲಚಿತ್ರ. ಒಂದೇ ಕಟ್ಟಡದಲ್ಲಿ ಎರಡು ವಿಧಾನ, ಹಾಗಾಗಿ ದುರಸ್ತಿಯೂ ಎರಡು ಬಗೆ. 1991–94ರಲ್ಲಿ ಇನ್‌ಟ್ಯಾಕ್ ಈ ಚಿತ್ರಗಳ ಸಂರಕ್ಷಣೆ ಮಾಡಿತು. ಫ್ರೆಸ್ಕೋ ಗೋಡೆಯದೇ ಭಾಗ; ಗೋಡೆ ಒಣಗಿರದಿದ್ದರೆ ಚಿತ್ರ ಉಳಿಯುವುದಿಲ್ಲ. ಆದ್ದರಿಂದ ಮಾಡಿನ ಸೋರಿಕೆ ನಿಲ್ಲಿಸುವುದು, ಮಳೆನೀರು ಹೊರಗೆ ಸಾಗಿಸುವುದು ಎಲ್ಲಕ್ಕಿಂತ ಮೊದಲ ಸಂರಕ್ಷಣೆ.

ಇಂಥ ಭಾಗ್ಯ ಊರಿನ ಸಣ್ಣ ಇಗರ್ಜಿಗಳಿಗೆ ಇರುವುದಿಲ್ಲ. ಅಲ್ಲಿ ಹಳೆ ನೆಲದ ಮೇಲೆ ಹೊಳೆಯುವ ಟೈಲ್ಸ್ ಬರುತ್ತದೆ, ಕೆಳಗೆ ಸಮಾಧಿಕಲ್ಲು ಮುಚ್ಚಿಹೋಗುತ್ತದೆ. ಆ ಕಲ್ಲುಗಳಲ್ಲಿ ಲ್ಯಾಟಿನ್, ಇಂಗ್ಲಿಷ್ ಜೊತೆಗೆ ಕನ್ನಡ ಲಿಪಿಯ ಕೊಂಕಣಿಯೂ ಇರುತ್ತದೆ. ಕೊಂಕಣಿಯ ಉಚ್ಚಾರವನ್ನು ಕನ್ನಡ ಅಕ್ಷರಕ್ಕೆ ಹೇಗೆ ಹೊಂದಿಸಿದರು ಅನ್ನುವುದಕ್ಕೆ ಅಂಥ ಒಂದೊಂದು ಕಲ್ಲೂ ಸಾಕ್ಷಿ. ಜೊತೆಗೆ ಅದು ಒಂದು ಮನೆತನದ ನೆನಪು.

ನಿಮ್ಮ ಊರಲ್ಲಿ ದುರಸ್ತಿ ಶುರುವಾಗುವ ಸುದ್ದಿ ಸಿಕ್ಕರೆ ಫಾದರ್ ಬಳಿ ಅನುಮತಿ ಕೇಳಿ ಇಷ್ಟು ಮಾಡಿ:

– ಪ್ರತಿ ಬರಹದ ಫೋಟೋ ತೆಗೆಯಿರಿ. ಸಂಜೆ ಹೊತ್ತು ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಸವೆದ ಅಕ್ಷರದ ನೆರಳು ಎದ್ದು ಕಾಣುತ್ತದೆ. ಅಳತೆಪಟ್ಟಿ ಪಕ್ಕದಲ್ಲಿರಲಿ.
– ಗಟ್ಟಿ ಕಲ್ಲಾದರೆ ಪಡಿಯಚ್ಚು ತೆಗೆಯಬಹುದು. ಮುರಕಲ್ಲು, ಗಾರೆ, ಬಣ್ಣದ ಬರಹದ ಮೇಲೆ ಒದ್ದೆ ಕಾಗದ, ಬ್ರಷ್ ಬೇಡವೇ ಬೇಡ.
– ಆಸಿಡ್ ಹಾಕಿ ತೊಳೆಯುವುದು, ಅಕ್ಷರಕ್ಕೆ ಆಯಿಲ್ ಪೇಂಟ್ ತುಂಬುವುದು ತಡೆಯಿರಿ.
– ಕಲ್ಲು ಕೀಳಲೇಬೇಕಾದರೆ ಅದು ಇದ್ದ ಜಾಗವನ್ನು ನಕ್ಷೆಯಲ್ಲಿ ಗುರುತಿಸಿ.
– ಇಳಿಸಿದ ಹೆಂಚಿನಲ್ಲಿ ಪ್ರತಿ ಮುದ್ರೆಯದ್ದೂ ಒಂದೊಂದನ್ನು ಎತ್ತಿಡಿ.

ಮಾಡು ಹೊಸದಾಗಲಿ, ಗೋಡೆ ಗಟ್ಟಿಯಾಗಲಿ, ಅಲ್ಲಿ ಪ್ರಾರ್ಥನೆ ಮಾಡುವವರಿಗೆ ಅದು ಬೇಕು. ಆದರೆ ಫೋಟೋ, ಪಡಿಯಚ್ಚಿನ ಕೆಲಸಗಳು ಮೇಸ್ತ್ರಿ ಮಾಡಿಗೆ ಏಣಿ ಇಡುವ ಮೊದಲೇ ಆಗಬೇಕು. ಇವಕ್ಕೆ ಒಂದೆರಡು ಭಾನುವಾರ ಸಾಕು.