ಎಳೆಯ ವಯಸ್ಸಿನಲ್ಲೇ ಮೆದುಳಿನ ರಕ್ತನಾಳ ಗಟ್ಟಿಯಾದಾಗ...

ಹದಿಹರೆಯ ದಾಟುತ್ತಿದ್ದಂತೆ ಮಗನ ತಲೆಗೂದಲು ಉದುರತೊಡಗಿದರೆ ನಾವು ಎಣ್ಣೆ ಬದಲಿಸುತ್ತೇವೆ. ಇಪ್ಪತ್ತೈದಕ್ಕೆ ಸೊಂಟನೋವು ಎಂದರೆ ಬೈಕ್ ಓಡಿಸಿ ಹೀಗಾಯಿತು ಎನ್ನುತ್ತೇವೆ. ಮೂವತ್ತು ದಾಟಿದ ಮೇಲೆ ಅದೇ ಮಗನ ನಡಿಗೆ ತೊಡರಿ, ಮಾತು ತೊದಲಿ, ಒಂದು ಬೆಳಿಗ್ಗೆ ಒಂದು ಕಡೆಯ ಕೈಕಾಲು ಸ್ವಾಧೀನ ತಪ್ಪಿದರೆ? ಅವನಿಗೆ ಬಿ.ಪಿ. ಇಲ್ಲ, ಸಕ್ಕರೆ ಕಾಯಿಲೆಯೂ ಇಲ್ಲ. ಆಗ ದೃಷ್ಟಿ ತಾಗಿದೆ ಎನ್ನುವವರು ಸಿಗುತ್ತಾರೆ. ಸೊಸೆಯ ಕಾಲ್ಗುಣ ಎನ್ನುವವರೂ ಸಿಗುತ್ತಾರೆ.

ಆದರೆ ಸಹೋದರಿಯರೇ, ಈ ಮೂರೂ ಒಂದೇ ಕಾಯಿಲೆಯ ಲಕ್ಷಣಗಳಾಗಿರಬಹುದು. ಅದರ ಹೆಸರು ಕ್ಯಾರಸಿಲ್. ಇದು ತೀರಾ ಅಪರೂಪ. ಕೂದಲುದುರುವ ಹುಡುಗರನ್ನೆಲ್ಲ ಕಂಡು ಗಾಬರಿಯಾಗಬೇಡಿ. ಹಾಗೆಂದು ಇದು ದೂರದ ಜಪಾನಿನವರ ಕಾಯಿಲೆ ಮಾತ್ರ ಎಂದು ತಳ್ಳಿಹಾಕುವಂತೆಯೂ ಇಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಎ. ನಳಿನಿ ಮತ್ತು ಸಂಗಡಿಗರು ಜಪಾನಿನ ತಜ್ಞರ ಜೊತೆಗೂಡಿ ಭಾರತೀಯ ಕುಟುಂಬಗಳಲ್ಲಿ ಇದನ್ನು ಗುರುತಿಸಿ, ಮೂರು ಹೊಸ ಜೀನ್ ದೋಷಗಳನ್ನು 2017ರಲ್ಲಿ ವರದಿ ಮಾಡಿದರು.

ಒಳಗೆ ಏನಾಗುತ್ತದೆ? ದೇಹದ ಜೀವಕೋಶಗಳು ಒಂದಕ್ಕೊಂದು ಸಂದೇಶ ಕಳಿಸುತ್ತಲೇ ಇರುತ್ತವೆ. ‘ಬೆಳೆ’, ‘ಗಾಯ ಮುಚ್ಚು’, ‘ಗೋಡೆ ಬಲಪಡಿಸು’ ಎಂದು ಹೇಳುವ ಇಂಥ ಪ್ರೋಟೀನುಗಳಿಗೆ ಗ್ರೋತ್ ಫ್ಯಾಕ್ಟರ್ ಎಂದು ಹೆಸರು. ಅವುಗಳಲ್ಲೊಂದು ಟಿಜಿಎಫ್-ಬೀಟಾ. ಅದರ ಮಾತು ಅತಿಯಾಗದಂತೆ ಹಿಡಿತದಲ್ಲಿಡುವುದು ಎಚ್‌ಟಿಆರ್‌ಎ1 ಎಂಬ ಕಿಣ್ವ. ಈ ಕಿಣ್ವದ ಜೀನ್ ಕೆಟ್ಟಿದ್ದರೆ ಕ್ಯಾರಸಿಲ್ ಬರುತ್ತದೆಂದು ಜಪಾನಿನ ವಿಜ್ಞಾನಿಗಳು 2009ರಲ್ಲಿ ತೋರಿಸಿಕೊಟ್ಟರು. ಹೆಸರಘಟ್ಟ ರಸ್ತೆಯ ಸೋಲದೇವನಹಳ್ಳಿ ಕಡೆಯವರಿಗೆ ಬೋರ್‌ವೆಲ್ ನೀರಿನ ಪೈಪಿನೊಳಗೆ ಬಿಳಿ ಪದರ ಕಟ್ಟುವುದು ಗೊತ್ತೇ ಇದೆ. ಇಲ್ಲಿ ಹೊರಗಿನದೇನೂ ಬಂದು ಅಂಟುವುದಿಲ್ಲ. ನಾಳದ ಗೋಡೆಯೇ ದಪ್ಪಗಾಗುತ್ತದೆ, ಅದರ ಸ್ನಾಯುಕೋಶಗಳು ಸಾಯುತ್ತವೆ, ಮೆದುಳಿನ ಆಳದ ಸಣ್ಣ ನಾಳಗಳಲ್ಲಿ ರಕ್ತ ಕಡಿಮೆಯಾಗುತ್ತದೆ. ಸಂದೇಶ ಹೆಚ್ಚಾಗಿ ಹೀಗಾಗುತ್ತದೆ ಎಂದು ಮೊದಲು ತಿಳಿಯಲಾಗಿತ್ತು. 2014ರ ಒಂದು ಅಧ್ಯಯನದಲ್ಲಿ ಸಂದೇಶ ಕಡಿಮೆಯಾಗಿದ್ದು ಕಂಡುಬಂತು. ತಜ್ಞರ ವಾದ ಮುಂದುವರಿದಿದೆ.

ಇನ್ನು ನಮ್ಮ ಮನೆಯ ವಿಷಯಕ್ಕೆ ಬರೋಣ. ಕ್ಯಾರಸಿಲ್ ಬರಬೇಕಾದರೆ ತಂದೆ, ತಾಯಿ ಇಬ್ಬರಿಂದಲೂ ಕೆಟ್ಟ ಜೀನ್ ಬರಬೇಕು. ಹೆತ್ತವರು ಆರೋಗ್ಯವಾಗಿಯೇ ಕಾಣುತ್ತಾರೆ. ಇಬ್ಬರಲ್ಲೂ ಒಂದೊಂದು ಕೆಟ್ಟ ಪ್ರತಿಯಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಶೇ. 25. ಒಂದೇ ಅಜ್ಜ-ಅಜ್ಜಿಯ ಮೊಮ್ಮಕ್ಕಳು ಮದುವೆಯಾದರೆ ಅದೇ ದೋಷ ಇಬ್ಬರಲ್ಲೂ ಇರುವ ಸಂಭವ ಹೆಚ್ಚು. ಇದು ನಮ್ಮವರಲ್ಲಿ ಮಾತ್ರ ಇದೆ ಎಂದು ಯಾರಾದರೂ ಬೆರಳು ತೋರಿಸಿದರೆ ನಂಬಬೇಡಿ. ಕರ್ನಾಟಕದಲ್ಲಿ ಸುಮಾರು ನಾಲ್ಕರಲ್ಲೊಂದು ಮದುವೆ ರಕ್ತಸಂಬಂಧದಲ್ಲೇ ನಡೆಯುತ್ತದೆ. ಸೋದರಮಾವನಿಗೇ ಹೆಣ್ಣು ಕೊಡುವ ಮನೆಗಳೂ ಇವೆ. ಚಾಚಾನ ಮಗಳನ್ನು, ಖಾಲಾನ ಮಗಳನ್ನು ತರಲು ನಮ್ಮಲ್ಲಿ ಅನುಮತಿಯಿದೆ, ಕಡ್ಡಾಯವಿಲ್ಲ. ಮನೆಯಲ್ಲಿ ಒಬ್ಬನಿಗೆ ಎಳೆಯ ವಯಸ್ಸಿನಲ್ಲೇ ಲಕ್ವ ಹೊಡೆದಿದ್ದರೆ, ಅದೇ ಕುಟುಂಬದಲ್ಲಿ ಮತ್ತೊಂದು ರಿಶ್ತಾ ಕೂಡಿಸುವ ಮುನ್ನ ಜೀನ್ ಪರೀಕ್ಷೆ, ತಜ್ಞರ ಸಲಹೆ ಎರಡೂ ಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದೇ ಪ್ರತಿ ಕೆಟ್ಟಿದ್ದವರಿಗೂ ತಡವಾಗಿ ಕಾಯಿಲೆ ಬರಬಹುದೆಂದು 2015ರಲ್ಲಿ ಗೊತ್ತಾಗಿದೆ. ಹಾಗಾಗಿ ಹೆತ್ತವರೂ ಬಿ.ಪಿ. ಹತೋಟಿಯಲ್ಲಿಡಬೇಕು, ಬೀಡಿ-ಸಿಗರೇಟು ಬಿಡಬೇಕು.

ಗುಣಪಡಿಸುವ ಔಷಧಿ ಇಲ್ಲ. ಬಿ.ಪಿ.ಗೆ ಕೊಡುವ ಕ್ಯಾಂಡೆಸಾರ್ಟನ್ ಇಲಿಗಳಲ್ಲಿ ನಾಳಗಳನ್ನು ಕಾಪಾಡಿತು ಎಂದು 2021ರಲ್ಲಿ ಜಪಾನಿನಿಂದ ವರದಿ ಬಂತು. ಅದನ್ನು ಓದಿ ಅಂಗಡಿಯಿಂದ ಮಾತ್ರೆ ತರಬೇಡಿ. ಬಸುರಿಯರಿಗಂತೂ ಅದು ಅಪಾಯ.

ಬಾಯಿ ಸೊಟ್ಟಗಾಗಿ ಕೈ ಬಿದ್ದರೆ ಸೋಲದೇವನಹಳ್ಳಿಯಿಂದ ಇಡೀ ಪೇಟೆ ದಾಟಿ ಹೊಸೂರು ರಸ್ತೆಯ ನಿಮ್ಹಾನ್ಸ್‌ಗೇ ಓಡಬೇಕಿಲ್ಲ. ಸಿ.ಟಿ. ಸ್ಕ್ಯಾನ್ ಇರುವ, ಲಕ್ವಕ್ಕೆ ಚಿಕಿತ್ಸೆ ಕೊಡುವ ಹತ್ತಿರದ ಆಸ್ಪತ್ರೆಗೆ ತಕ್ಷಣ ಹೋಗಿ. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ಇರುವುದು ನಾಲ್ಕೂವರೆ ಗಂಟೆ ಮಾತ್ರ. ಅದು ಯಾರಿಗೆ ಸರಿ ಎಂಬುದನ್ನು ಡಾಕ್ಟರೇ ತೀರ್ಮಾನಿಸುತ್ತಾರೆ. ನಿಮ್ಹಾನ್ಸ್‌ಗೆ ಹೋಗುವಾಗ ಒಂದು ಕಾಗದದಲ್ಲಿ ಮೂರು ತಲೆಮಾರು ಬರೆದುಕೊಳ್ಳಿ: ಯಾರು ಯಾರ ಮಕ್ಕಳು, ಯಾರಿಗೆ ಯಾವ ವಯಸ್ಸಿನಲ್ಲಿ ನಡಿಗೆ ತಪ್ಪಿತು, ಯಾರಿಗೆ ಮರೆವು ಬಂತು. ಅಜ್ಜಿಯನ್ನು ಕೇಳಿದರೆ ಎಲ್ಲವೂ ಸಿಗುತ್ತದೆ. ಪಟ್ಟಿಯಲ್ಲಿ ಹೆಣ್ಣುಮಕ್ಕಳನ್ನು ಬಿಡಬೇಡಿ. ಈ ಕಾಯಿಲೆ ಅವರಿಗೂ ಬರುತ್ತದೆ. ದುಪಟ್ಟಾದ ಕೆಳಗೆ ಕೂದಲು ತೆಳುವಾಗಿದ್ದು ಯಾರ ಕಣ್ಣಿಗೂ ಬಿದ್ದಿರುವುದಿಲ್ಲ.