ಅಪ್ಪನ ಅಪ್ಪಣೆ ಮಗನ ಬಾಯಿಗೆ ಬಂತು!

ಚಿಕ್ಕಜಾಜೂರು: ಬೆಂಗಳೂರು–ಹುಬ್ಬಳ್ಳಿ ಹಳಿಯಿಂದ ಚಿತ್ರದುರ್ಗದ ಹಳಿ ಕವಲೊಡೆಯುವ ಊರು ಇದು. ನಾಟಕದ ಮಟ್ಟಿಗೂ ಎರಡು ದಿಕ್ಕಿನ ನಂಟು ಉಂಟು. ಒಂದು ಕಡೆ ಸಿರಿಗೆರೆ, ಇನ್ನೊಂದು ಕಡೆ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ. ಸಿರಿಗೆರೆಯ ಶಿವಕುಮಾರ ಶಿವಾಚಾರ್ಯ ಸ್ವಾಮೀಜಿಯವರು ಶರಣರ ಬಗ್ಗೆ ‘ಮರಣವೇ ಮಹಾನವಮಿ’ ನಾಟಕವನ್ನು ತಾವೇ ಬರೆದು, ಕಲಾಸಂಘ ಕಟ್ಟಿ ಊರೂರಿಗೆ ಕಳಿಸಿದವರು. ಸಾಣೇಹಳ್ಳಿಯ ಶಿವಸಂಚಾರ 1997ರಿಂದ ರಂಗ ಹೊತ್ತು ತಿರುಗುತ್ತಿದೆ. ಹಾಗಾಗಿ ಹರಳಯ್ಯ, ಮಧುವರಸ, ಬಿಜ್ಜಳ ಅಂದರೆ ಈ ಸೀಮೆಯವರಿಗೆ ಪಕ್ಕದ ಮನೆಯವರಿದ್ದ ಹಾಗೆ.

ಗಿರೀಶ ಕಾರ್ನಾಡರ ‘ತಲೆದಂಡ’ (1990) ಕೈಗೆ ಬಂದಾಗ ಇಂಥ ಓದುಗ ತಬ್ಬಿಬ್ಬಾಗುವುದು ಇದೇ ಕಾರಣಕ್ಕೆ. ಕೇಳಿ ಬೆಳೆದ ಕತೆಯಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಗುತ್ತದೆ. ಬಿಜ್ಜಳ ಸಿಟ್ಟಾಗಿ ಬೀಗರಿಬ್ಬರ ಕಣ್ಣು ಕೀಳಿಸುತ್ತಾನೆ, ಎಳೆಸಿ ಕೊಲ್ಲಿಸುತ್ತಾನೆ. ಕಾರ್ನಾಡರ ಬಿಜ್ಜಳ ಆ ಕೆಲಸ ಮಾಡುವುದೇ ಇಲ್ಲ! ಮದುವೆಗೆ ಅಡ್ಡಿ ಮಾಡದೆ ಬಿಡುತ್ತಾನೆ. ಮಗ ಸೋವಿದೇವ ಅಪ್ಪನನ್ನೇ ಸೆರೆಯಲ್ಲಿಟ್ಟು, ಆ ಘೋರ ಅಪ್ಪಣೆ ಕೊಡುತ್ತಾನೆ.

ಹಾಗಾದ್ರೆ ಇದು ಇತಿಹಾಸಕ್ಕೆ ಬಗೆದ ದ್ರೋಹವೇ? ಹಾಗನ್ನುವ ಮೊದಲು ಇತಿಹಾಸ ಎಷ್ಟು ಕೊಡುತ್ತದೆ ಅನ್ನೋದು ನೋಡಬೇಕು. ಕಳಚುರಿ ಬಿಜ್ಜಳ ಚಾಲುಕ್ಯರ ಸಿಂಹಾಸನ ಹಿಡಿದದ್ದು, 1168ರ ಸುಮಾರಿಗೆ ಸೋವಿದೇವ ಪಟ್ಟಕ್ಕೆ ಬಂದದ್ದು, ಇಷ್ಟು ಗಟ್ಟಿ. ಮದುವೆಯ ಸುದ್ದಿ ಆ ಕಾಲದ ಶಾಸನಗಳಲ್ಲಿಲ್ಲ. ಅದು ಬಂದದ್ದು ಮುಂದಿನ ಶತಮಾನಗಳ ಪುರಾಣ, ಕಾವ್ಯಗಳಿಂದ. ಅಂದಮೇಲೆ ನಾಟಕಕಾರ ಬದಲಿಸಿದ್ದು ಒಂದು ಕತೆಯನ್ನು. ಅದರಿಂದ ಏನು ಗಿಟ್ಟಿಸಿದ ಅನ್ನೋದೇ ಕೇಳಬೇಕಾದ ಮಾತು.

ಹಳೆಯ ಕತೆಯಲ್ಲಿ ಪ್ರೇಕ್ಷಕನ ಸಿಟ್ಟೆಲ್ಲ ಬಿಜ್ಜಳನ ತಲೆಗೆ ಹೋಗುತ್ತದೆ. ಕೆಟ್ಟ ರಾಜ, ಒಳ್ಳೆಯ ಶರಣರು. ಮಂಗಳ ಹಾಡಿ ನಿಶ್ಚಿಂತೆಯಾಗಿ ಮನೆಗೆ ಹೋಗಬಹುದು. ಇಲ್ಲಿ ಆ ಸುಖವಿಲ್ಲ. ಕಾರ್ನಾಡರ ಬಿಜ್ಜಳ ಕ್ಷೌರಿಕ ಕುಲದವನು, ಒರಟು ಬಾಯಿಯವನು. ರಾಜನಾದರೂ ತನ್ನ ಹುಟ್ಟನ್ನು ಲೆಕ್ಕ ಹಾಕದೆ ಮುಖ ನೋಡಿ ಮಾತಾಡಿದವರು ಶರಣರೊಬ್ಬರೇ ಎಂಬುದು ಅವನಿಗೆ ಗೊತ್ತು. ಬಸವಣ್ಣನ ಮೇಲೆ ಅವನಿಗಿರುವ ಮೋಹ ಹುಟ್ಟುವುದು ಅಲ್ಲಿಂದ. ಅಂಥವನನ್ನೇ ಕೊನೆಗೆ ಕೊಲ್ಲುವವನು ಜಗದೇವ, ಅವನೂ ಶರಣನೇ. ಕೊಲೆ ನಡೆಯುವುದು ಶಿವಾಲಯದಲ್ಲಿ! ಯಾರನ್ನು ಬೈಯಬೇಕು?

ಈ ಜಗದೇವನನ್ನು ಸೋವಿದೇವನ ಪಕ್ಕ ಇಟ್ಟು ನೋಡಿದರೆ ನಾಟಕದ ಹೆಣಿಗೆ ಬಿಚ್ಚಿಕೊಳ್ಳುತ್ತದೆ. ಪರದೆ ಏಳುವುದು ಜಗದೇವನ ಮನೆಯಲ್ಲಿ. ತಂದೆ ಸಾಯುವ ಹಾಸಿಗೆಯಲ್ಲಿ ಮಗನನ್ನು ಕರೆಯುತ್ತಿದ್ದಾನೆ. ಮಗ ಬಸವಣ್ಣನ ಭಂಡಾರ ಕಾಯುವ ಶರಣರ ಜೊತೆಗಿದ್ದಾನೆ. ಒಬ್ಬ ಧರ್ಮದ ಹೆಸರಲ್ಲಿ ಅಪ್ಪನನ್ನು ಬಿಟ್ಟ, ಇನ್ನೊಬ್ಬ ಗಾದಿಯ ಆಸೆಗೆ ಅಪ್ಪನನ್ನು ಕೂಡಿಹಾಕಿದ. ನಡುವೆ ಇನ್ನಿಬ್ಬರು ಅಪ್ಪಂದಿರು ಹೆಮ್ಮೆಯಿಂದ ಮಕ್ಕಳ ಮದುವೆ ಗೊತ್ತುಮಾಡುತ್ತಾರೆ. ಅರಮನೆಯ ಪಿತೂರಿ ಅನ್ನಿಸಿದ್ದು ಹೀಗೆ ಮನೆಮನೆಯ ಜಗಳವಾಗಿಬಿಡುತ್ತದೆ. ಶಿಕ್ಷೆಯನ್ನು ಬಿಜ್ಜಳನ ಬಾಯಿಂದ ತೆಗೆದು ಸೋವಿದೇವನ ಬಾಯಿಗೆ ಇಡದಿದ್ದರೆ ಈ ಹೆಣಿಗೆ ನಿಲ್ಲುತ್ತಿರಲಿಲ್ಲ.

ಇದೇ ಕಲ್ಯಾಣವನ್ನು ಪಿ. ಲಂಕೇಶ್ ‘ಸಂಕ್ರಾಂತಿ’ (1971) ಯಲ್ಲಿ ಬೇರೆ ಬಗೆಯಲ್ಲಿ ಹಿಡಿದರು. ಅಲ್ಲಿ ಹರಳಯ್ಯನ ಮನೆಯ ಮದುವೆಯ ಬದಲು ಕೆಳಜಾತಿಯ ರುದ್ರ, ಬ್ರಾಹ್ಮಣರ ಹುಡುಗಿ ಉಷಾ ಇವರ ಪ್ರೇಮ. ಮಗ ಶರಣನಾದನೆಂದು ಕಂಗಾಲಾದ ಮುದುಕ ಉಜ್ಜನೇ ಆ ನಾಟಕದ ಜೀವ. ಮಾತಿನ ಮೊನಚಿನಲ್ಲಿ ಲಂಕೇಶರದು ಒಂದು ಕೈ ಮೇಲು, ಹರಹಿನಲ್ಲಿ ಕಾರ್ನಾಡರದು.

ಮಂಡಲ್, ಮಂದಿರದ ಗದ್ದಲ ಏಳುತ್ತಿದ್ದ 1989ರಲ್ಲಿ ತಾವು ಇದನ್ನು ಬರೆದದ್ದಾಗಿ ಕಾರ್ನಾಡರೇ ಹೇಳಿದ್ದುಂಟು. ಪೇಪರಿನ ಗದ್ದಲ ಹಾಗಿರಲಿ. ಹೊಳಲ್ಕೆರೆ ಸೀಮೆಯೇನು, ರಾಜ್ಯದ ಯಾವ ಮೂಲೆಯಲ್ಲೇ ಆಗಲಿ, ಜಾತಿ ಬಿಟ್ಟು ಮದುವೆ ಅಂದರೆ ಇವತ್ತಿಗೂ ಬಾಗಿಲು ಹಾಕಿಕೊಳ್ಳುವ ಮನೆಗಳಿವೆ. ಅಂಥ ಮನೆಯವರು ಈ ನಾಟಕದಲ್ಲಿ ನೋಡಬೇಕಾದ್ದು ಯುದ್ಧವನ್ನಲ್ಲ, ಮಧುವರಸನ ಹೆಂಡತಿ ಲಲಿತಾಂಬೆಯನ್ನು. ಬಸವಣ್ಣನೇ ಈ ಮದುವೆಗೆ ಕಾಲ ಕೂಡಿಬಂದಿದೆಯೇ ಎಂದು ಅಳುಕುವಾಗ, ಗಂಡಸರು ತತ್ವ ಆಡುವಾಗ, ಈ ತಾಯಿಗೆ ಹತ್ತಿದ ಚಿಂತೆಯೇ ಬೇರೆ. ಬೀಗರು ಒಳ್ಳೆಯವರು, ಸರಿ. ಆದರೆ ಸತ್ತ ದನದ ನಾತಕ್ಕೇ ಹೆದರುವ ಹುಡುಗಿ ತೊಗಲು ಹದಮಾಡುವ ಮನೆಯಲ್ಲಿ ಬಾಳುವುದು ಹೇಗೆ?

ನಾಟಕದಲ್ಲಿ ಆ ಪ್ರಶ್ನೆಗೆ ಯಾರೂ ಉತ್ತರ ಕೊಡುವುದಿಲ್ಲ. ಅಷ್ಟರಲ್ಲಿ ಸೋವಿದೇವನ ಆಳುಗಳು ಬಂದಿರುತ್ತಾರೆ.