ಅರವತ್ತೆಂಟು ಕೋಟಿ ತೂಗಿದ ಹುಡುಗ

ಭೀಮಾ ನದಿ ಮೇಲಿನಿಂದ ನಮ್ಮ ಕಡೆಗೆ ಇಳಿದು ಬರುತ್ತದೆ. ನಮ್ಮ ಮಕ್ಕಳು ಕೆಲಸ ಹುಡುಕಿಕೊಂಡು ಅದಕ್ಕೆ ಎದುರಾಗಿ ಹೋಗುತ್ತಾರೆ. ಕಲಬುರಗಿ, ಅಫಜಲಪುರ, ಇಂಡಿ ಕಡೆಯಿಂದ ಪುಣೆಗೆ ಹೊರಟವರು ಸೊಲ್ಲಾಪುರ ದಾಟಿ ಇಂದಾಪುರ ಮುಟ್ಟುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ದಾರಿ ಸವೆದಿರುತ್ತದೆ. ಆ ತಾಲ್ಲೂಕಿನಲ್ಲಿ ಒಂದು ಕಡೆ 117 ಟಿಎಂಸಿ ಸಾಮರ್ಥ್ಯದ ಉಜನಿ ಜಲಾಶಯದ ಹಿನ್ನೀರು, ಇನ್ನೊಂದು ಕಡೆ ಕಣ್ಣು ಹಾಯುವವರೆಗೆ ಕಬ್ಬು. ಹುಡುಗರ ಬ್ಯಾಗಿನಲ್ಲಿ ಒಂದು ಪ್ಲಾಸ್ಟಿಕ್ ಫೈಲು, ಅದರಲ್ಲಿ ಅಂಕಪಟ್ಟಿಗಳ ಮೇಲೆ ಒಂದು ಹಾಳೆ ರೆಸ್ಯೂಮ್. ಅದರ ತೂಕ ಐದು ಗ್ರಾಂ.

ಸರ್ಕಾರಿ ಕೆಲಸದ ಒಂದೊಂದು ಅರ್ಜಿಯೂ ಅಷ್ಟೇ ತೂಗುತ್ತದೆಂದು ಹಿಡಿದರೆ ಎಂಥ ರಾಶಿಯಾಗುತ್ತದೆ ಎಂದು ಲೆಕ್ಕ ಹಾಕಲು ಕೂತವನು ನಾನು ದಂಗಾದೆ. 2014-15ರಿಂದ 2021-22ರವರೆಗಿನ ಎಂಟು ವರ್ಷಗಳಲ್ಲಿ ಕೇಂದ್ರ ಸರ್ಕಾರದ ಕೆಲಸಗಳಿಗೆ 22,05,99,238 ಅರ್ಜಿಗಳು ಬಂದವು, ನೇಮಕಕ್ಕೆ ಶಿಫಾರಸಾದವರು 7,22,311 ಮಂದಿ. ಸರ್ಕಾರವೇ 2022ರ ಜುಲೈನಲ್ಲಿ ಲೋಕಸಭೆಗೆ ಕೊಟ್ಟ ಲೆಕ್ಕ ಇದು. ಒಂದು ಕೆಲಸಕ್ಕೆ 305 ಅರ್ಜಿ! ಅರ್ಜಿಗೊಂದು ಎ4 ಹಾಳೆಯೆಂದು ಹಿಡಿದು ಸಾಲಾಗಿ ಹಾಸಿದರೆ 65,500 ಕಿಲೋಮೀಟರ್ ಆಗುತ್ತದೆ. ಭೂಮಿಯನ್ನು ಒಂದೂವರೆ ಸುತ್ತು ಸುತ್ತಿಯೂ ಮಿಗುತ್ತದೆ. ತೂಗಿದರೆ 1,103 ಟನ್. ಎರಡೆರಡು ಟ್ರೇಲರ್ ಕಟ್ಟಿ ಇಪ್ಪತ್ತು ಟನ್ ಹೇರಿಕೊಂಡು ಬರುವ ಕಬ್ಬಿನ ಟ್ರ್ಯಾಕ್ಟರುಗಳಾದರೆ ಸುಮಾರು 55 ಬೇಕು. ದಿನಕ್ಕೆ 5,000 ಟನ್ ನುರಿಸುವ ಸಕ್ಕರೆ ಕಾರ್ಖಾನೆಗೆ ಅದು ಒಂದು ಪಾಳಿಗೂ ಸಾಲದು. ಎಂಟು ವರ್ಷ ಒಂದು ದೇಶ ಇಟ್ಟುಕೊಂಡ ಆಸೆ ಆರು ಗಂಟೆಯೊಳಗೆ ಸಿಪ್ಪೆಯಾಗುತ್ತದೆ. ಆಯ್ಕೆಯಾದವರ ಹಾಳೆಗಳನ್ನಷ್ಟೇ ಎತ್ತಿಟ್ಟರೆ 3.6 ಟನ್, ಒಂದು ಟ್ರೇಲರಿನ ಅರ್ಧವೂ ತುಂಬದು.

ರಾಜ್ಯಗಳಲ್ಲೂ ಹೀಗೇ. 2024ರಲ್ಲಿ ಮಹಾರಾಷ್ಟ್ರ ಪೊಲೀಸ್ ಇಲಾಖೆಯ 17,471 ಹುದ್ದೆಗಳಿಗೆ 17 ಲಕ್ಷಕ್ಕೂ ಮೀರಿ ಅರ್ಜಿ ಬಂದವು. ಅದೇ ವರ್ಷ ನಮ್ಮಲ್ಲಿ ಸಾವಿರ ಗ್ರಾಮ ಆಡಳಿತಾಧಿಕಾರಿ ಹುದ್ದೆಗಳಿಗೆ ಐದು ಲಕ್ಷಕ್ಕೂ ಹೆಚ್ಚು.

ಈ ಅರ್ಜಿಗಳಿಗೆ ರೆಸ್ಯೂಮ್ ಬೇಕಿಲ್ಲ, ಅಲ್ಲಿ ಪರೀಕ್ಷೆಯೇ ತೀರ್ಮಾನಿಸುತ್ತದೆ. ಆದರೆ ಅಲ್ಲಿ ಆಗದೆ ಉಳಿದವರು ಎಲ್ಲಿಗೆ ಹೋಗಬೇಕು? ಪುಣೆಯ ದಾರಿ ಹಿಡಿದು ಕಂಪನಿಗಳ ಬಾಗಿಲಿಗೆ. ಅಲ್ಲಿ ಆ ಒಂದು ಹಾಳೆಯೇ ಅವರ ಪರವಾಗಿ ಮಾತಾಡಬೇಕು.

ಮಾತಾಡಲು ಸಿಗುವ ಹೊತ್ತು ಎಷ್ಟು? ಅಮೆರಿಕದ ಲ್ಯಾಡರ್ಸ್ ಎಂಬ ಉದ್ಯೋಗ ಸಂಸ್ಥೆ ನೇಮಕ ಮಾಡುವವರ ಕಣ್ಣಿನ ಚಲನೆಯನ್ನು ಉಪಕರಣದಿಂದ ಅಳೆದು 2018ರಲ್ಲಿ ಹೇಳಿದ್ದು: ಮೊದಲ ನೋಟಕ್ಕೆ ಸರಾಸರಿ 7.4 ಸೆಕೆಂಡು. ಗಂಟೆಗೆ 80 ಕಿಲೋಮೀಟರ್ ವೇಗದ ಬಸ್ಸು ಅಷ್ಟರಲ್ಲಿ 164 ಮೀಟರ್ ಹೋಗುತ್ತದೆ. ನಿಮಿಷಕ್ಕೆ 240 ಪದ ಓದುವವರ ಕಣ್ಣಿಗೆ ಬೀಳುವುದು ಸುಮಾರು ಮೂವತ್ತು ಪದ. ಹದಿನೈದು ವರ್ಷದ ಓದಿಗೆ ಮೂವತ್ತು ಪದ!

ಆ ಮೂವತ್ತನ್ನು ನಮ್ಮ ಹುಡುಗರು ಯಾವುದಕ್ಕೆ ಖರ್ಚು ಮಾಡುತ್ತಾರೆ ನೋಡಿದರೆ ಹೊಟ್ಟೆ ಉರಿಯುತ್ತದೆ. ತಂದೆಯ ಹೆಸರು, ಮದುವೆ ಆಗಿದೆಯೋ ಇಲ್ಲವೋ, ಹವ್ಯಾಸ ಕ್ರಿಕೆಟ್, ‘ಪರಿಶ್ರಮಿ, ಪ್ರಾಮಾಣಿಕ, ಎಲ್ಲರೊಂದಿಗೆ ಹೊಂದಿಕೊಳ್ಳುವವನು’. ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಯಾರದೋ ಹಳೆಯ ಫೈಲು ತೆರೆದು ಹೆಸರಷ್ಟೇ ಬದಲಿಸಿದ ಹಾಳೆಗಳು ಎಷ್ಟೋ. ದೊಡ್ಡ ಕಂಪನಿಗಳಲ್ಲಿ ಮನುಷ್ಯರಿಗಿಂತ ಮುಂಚೆ ತಂತ್ರಾಂಶವೇ ಅದನ್ನು ಜಾಲಾಡುತ್ತದೆ. ಅದು ಹುಡುಕುವುದು ಕೆಲಸದ ಹೆಸರನ್ನು, ಯಂತ್ರದ ಹೆಸರನ್ನು, ಗುಣವಾಚಕಗಳನ್ನಲ್ಲ.

ಒಬ್ಬ ಹುಡುಗನನ್ನು ಎಣಿಸಿಕೊಳ್ಳಿ. ಅಂಥದೇ 5,000 ಟನ್ ಕಾರ್ಖಾನೆಯ ತೂಕದ ಕಾಟಾದ ಮೇಲೆ ಒಂದು ಹಂಗಾಮು ರಾತ್ರಿ ಪಾಳಿ ಮಾಡಿದ್ದಾನೆ. ರೆಸ್ಯೂಮಿನಲ್ಲಿ ಬರೆದದ್ದು ‘ಕ್ಲರ್ಕ್, ನಾಲ್ಕು ತಿಂಗಳು’ ಎಂದಷ್ಟೇ. ಮೂರು ಪಾಳಿಯಲ್ಲಿ ಅವನ ಪಾಲಿಗೆ ದಿನಕ್ಕೆ 1,667 ಟನ್, 120 ದಿನಕ್ಕೆ ಎರಡು ಲಕ್ಷ ಟನ್. ಅಂದರೆ ಹತ್ತು ಸಾವಿರ ಟ್ರ್ಯಾಕ್ಟರು, ತುಂಬಿದ್ದೊಮ್ಮೆ ಖಾಲಿಯೊಮ್ಮೆ ಏರಿಸಿ ಇಪ್ಪತ್ತು ಸಾವಿರ ತೂಕ. 2024-25ಕ್ಕೆ ಕೇಂದ್ರ ನಿಗದಿ ಮಾಡಿದ ಕಬ್ಬಿನ ದರ ಟನ್ನಿಗೆ 3,400 ರೂಪಾಯಿ. ಗುಣಿಸಿ ನೋಡಿದೆ, ನಂಬಿಕೆಯಾಗದೆ ಮತ್ತೊಮ್ಮೆ ಗುಣಿಸಿದೆ: 68 ಕೋಟಿ ರೂಪಾಯಿ. ರೈತರಿಗೆ ಸಲ್ಲಬೇಕಾದ ಅಷ್ಟು ಹಣದ ತೂಕ ಈ ಹುಡುಗನ ಕೈಯಿಂದ ದಾಟಿಹೋಗಿದೆ, ಅವನಿಗೇ ಅದರ ಅರಿವಿಲ್ಲ.

ನನ್ನ ಲೆಕ್ಕ ಅಂದಾಜಿನದು. ಅವನ ಕಾಟಾದ ರಿಜಿಸ್ಟರಿನಲ್ಲಿ ನಿಜವಾದ ಅಂಕಿ ಇರುತ್ತದೆ, ಬರೆಯಬೇಕಾದದ್ದು ಅದನ್ನೇ. ಹೆಚ್ಚು ಬರೆದರೆ ಸಂದರ್ಶನದ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತಾನೆ. ಕಡಿಮೆ ಬರೆಯುವುದೂ ಸುಳ್ಳೇ ಎಂದು ನನಗನ್ನಿಸುತ್ತದೆ. ಮನೆಪಾಠ ಹೇಳಿಕೊಟ್ಟ ಹುಡುಗಿ ಎಷ್ಟು ಮಕ್ಕಳಿಗೆ ಹೇಳಿದಳು, ಅವರಲ್ಲಿ ಎಷ್ಟು ಮಂದಿ ಪಾಸಾದರು? ಅಪ್ಪನ ಕಿರಾಣಿ ಅಂಗಡಿಯ ಉದ್ರಿ ಖಾತೆ ನೋಡಿಕೊಂಡವನು ತಿಂಗಳಿಗೆ ಎಷ್ಟು ವಸೂಲು ಮಾಡಿದ? ಇದನ್ನು ಅವರು ಯಾವತ್ತೂ ಎಣಿಸಿಲ್ಲ, ಯಾರೂ ಕೇಳಿಯೂ ಇಲ್ಲ.

ಇಂದಾಪುರದಿಂದ ಪುಣೆಗೆ ಇನ್ನೂ ನೂರಮೂವತ್ತು ಕಿಲೋಮೀಟರಿಗೂ ಹೆಚ್ಚು ದಾರಿಯಿದೆ. ಫೈಲು ತೆರೆದು, ಹೆಸರಿನ ಕೆಳಗಿನ ಸಾಲಿನಲ್ಲಿ ‘ಪರಿಶ್ರಮಿ’ ಎಂಬುದನ್ನು ಹೊಡೆದುಹಾಕಿ, ರಿಜಿಸ್ಟರಿನ ಅಂಕಿಯೂ ಅದೇ ಆಗಿದ್ದರೆ ಅಲ್ಲಿ ಹೀಗೆ ಬರೆದುಕೊಳ್ಳಬಹುದು: ‘ಸಕ್ಕರೆ ಕಾರ್ಖಾನೆಯ ಕಾಟಾ, ರಾತ್ರಿ ಪಾಳಿ, ಒಂದು ಹಂಗಾಮು, 20,000 ತೂಕ.’ ಬರೀ ಒಂಬತ್ತು ಪದ. ಇನ್ನೂ ಇಪ್ಪತ್ತೊಂದು ಉಳಿದಿವೆ.